ವಿಶೇಷ ಅಗತ್ಯವುಳ್ಳ ಮಗು ಶಾಲಾ ಪ್ರವಾಸಕ್ಕೆ ಹೊರಟಾಗ: ಮೈಸೂರು, ಮಂಡ್ಯದ ಪೋಷಕರಿಗೂ ಶಿಕ್ಷಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮೃಗಾಲಯ, ಅರಮನೆ, ಕೆಆರ್‌ಎಸ್, ರಂಗನತಿಟ್ಟು, ಮೇಲುಕೋಟೆ. ಬೇರೆ ಮನೆಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ದುಡ್ಡು ಕೊಟ್ಟರೆ ಕೆಲಸ ಮುಗಿಯಿತು. ಆಟಿಸಂ, ಫಿಟ್ಸ್, ಸೆರೆಬ್ರಲ್ ಪಾಲ್ಸಿ ಅಥವಾ ಡೌನ್ ಸಿಂಡ್ರೋಮ್ ಇರುವ ಮಗುವಿನ ಮನೆಯಲ್ಲಿ ಅದೇ ಪತ್ರ ಕೊನೆಯ ದಿನದವರೆಗೂ ಹಾಗೇ ಉಳಿಯುತ್ತದೆ. ಕಳಿಸುವುದಾ, ಬೇಡವಾ? ಶಾಲೆಯವರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ವಿಶೇಷ ಶಿಕ್ಷಕಿಯಾಗಿ ನನ್ನ ಉತ್ತರ: ಮಗು ಹೋಗಬೇಕು. ಆದರೆ "ಎಲ್ಲರೂ ಸೇರಿ ನೋಡ್ಕೋತೀವಿ ಬಿಡಿ" ಅನ್ನುವ ಮಾತನ್ನು ನಂಬಿ ಕಳಿಸಬಾರದು. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಆ ಕ್ಷಣಕ್ಕೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಬಸ್ ಹತ್ತಿದ ಹೊತ್ತಿನಿಂದ ಇಳಿಯುವವರೆಗೆ, ಪ್ರತಿ ನಿಮಿಷಕ್ಕೂ ಆ ಮಗುವಿಗೆ ಹೆಸರಿಟ್ಟು ಹೇಳಬಹುದಾದ ಒಬ್ಬ ದೊಡ್ಡವರು ಇರಬೇಕು. ಮುಂದೆ ಬರುವ ಎಲ್ಲ ಹಂತಗಳೂ ಈ ಒಂದು ಮಾತಿಗೆ ಆಧಾರ ಕೊಡುವಂಥವು.

ಹಕ್ಕಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಕಲಂ ಪ್ರಕಾರ, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳಿಗೆ ಪಾಠದ ಜೊತೆ ಆಟ, ಮನರಂಜನೆಯ ಅವಕಾಶವನ್ನೂ ಬೇರೆ ಮಕ್ಕಳಿಗೆ ಸಮನಾಗಿ ಕೊಡಬೇಕು. ಪ್ರವಾಸ ಅದರಿಂದ ಹೊರಗಿನದಲ್ಲ. "ನಿಮ್ಮ ಮಗು ಮನೆಯಲ್ಲೇ ಇರಲಿ, ಅವನಿಗೂ ಸುಸ್ತಾಗಲ್ಲ" ಎಂದು ಪ್ರೀತಿಯಿಂದ ಹೇಳಿದರೂ ಅದು ಹೊರಗಿಡುವುದೇ. ಅಮ್ಮನೋ ಅಪ್ಪನೋ ಜೊತೆಗೆ ಬರುವುದು ಕೆಲವು ಮಕ್ಕಳಿಗೆ ನಿಜಕ್ಕೂ ಅನುಕೂಲ. ಆದರೆ "ನೀವು ಬಂದರೆ ಮಾತ್ರ ಮಗು" ಅನ್ನುವ ಷರತ್ತು ಸರಿಯಲ್ಲ. ಕೂಲಿಗೆ ಹೋಗುವ ಅಮ್ಮನಿಗೆ ಒಂದು ದಿನದ ದುಡಿಮೆ ಸಣ್ಣ ವಿಷಯವಲ್ಲ.

ಹಂತ 1: ಜಾಗ ಗೊತ್ತಾಗುವ ಮೊದಲೇ ಮಾತಾಡಿ

ಬಸ್ ಬುಕ್ ಆದ ಮೇಲೆ ಏನು ಹೇಳಿದರೂ ತಡವೇ. ಪ್ರವಾಸದ ಸುಳಿವು ಸಿಕ್ಕ ಕೂಡಲೇ ಮುಖ್ಯ ಶಿಕ್ಷಕರನ್ನೂ ತರಗತಿಯ ಶಿಕ್ಷಕರನ್ನೂ ಭೇಟಿ ಮಾಡಿ. ಸರ್ಕಾರಿ ಶಾಲೆಯಾದರೆ ನಿಮ್ಮ ತಾಲ್ಲೂಕಿನ ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರನ್ನೂ (ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು) ಸೇರಿಸಿಕೊಳ್ಳಿ. ಅವರ ಮಾತಿಗೆ ಶಾಲೆಯಲ್ಲಿ ತೂಕ ಜಾಸ್ತಿ.

ಕೇಳಬೇಕಾದ್ದು ಇಷ್ಟು. ಎಲ್ಲಿಗೆ, ಯಾವ ವಾರ? ಅಲ್ಲಿ ನದಿ, ಕೆರೆಯಂಥ ನೀರಿನ ಜಾಗ ಇದೆಯಾ? ಎಷ್ಟು ನಡೆಯಬೇಕು, ಮೆಟ್ಟಿಲು ಎಷ್ಟು? ಶೌಚಾಲಯ ಎಲ್ಲಿ? ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ವಾಪಸ್? ಒಟ್ಟು ಎಷ್ಟು ಮಕ್ಕಳು, ಎಷ್ಟು ದೊಡ್ಡವರು?

ಒಂದೇ ದಿನಕ್ಕೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೊನೆಗೆ ಕೆಆರ್‌ಎಸ್ ದೀಪ ಎಂದು ಪಟ್ಟಿ ಹಾಕುವ ಶಾಲೆಗಳಿವೆ. ನಮ್ಮ ಮಕ್ಕಳಿಗಂತೂ ಇದು ಆಗದ ಮಾತು. ಬೇರೆ ಮಕ್ಕಳಿಗೂ ಇದರಲ್ಲಿ ಸಿಗುವುದು ಓಟ ಮಾತ್ರ. ದಿನಕ್ಕೆ ಎರಡೇ ಜಾಗ ಸಾಕು ಎಂದು ಧೈರ್ಯವಾಗಿ ಕೇಳಿ.

ಇನ್ನು ಒಂದೊಂದು ಜಾಗದ ಗುಣ ನೋಡೋಣ.

ಮೈಸೂರು ಮೃಗಾಲಯ 1892ರಲ್ಲಿ ಶುರುವಾದದ್ದು. ಮರಗಳ ನೆರಳಿದೆ, ದಾರಿ ಚೆನ್ನಾಗಿದೆ, ಗಾಲಿಕುರ್ಚಿ ಓಡುತ್ತದೆ. ಆದರೆ ಪೂರ್ತಿ ಸುತ್ತಲು ಸುಮಾರು 3 ಕಿಲೋಮೀಟರ್ ನಡೆಯಬೇಕು. ಬೇಗ ಸುಸ್ತಾಗುವ ಮಗುವಿಗೆ ಬ್ಯಾಟರಿ ವಾಹನ ಸಿಗುತ್ತದಾ ಎಂದು ಶಾಲೆಯವರು ಮೊದಲೇ ಫೋನ್ ಮಾಡಿ ವಿಚಾರಿಸಬೇಕು. ಮಂಗಳವಾರ ವಾರದ ರಜೆ. ಶನಿವಾರ, ಭಾನುವಾರ ಮತ್ತು ಡಿಸೆಂಬರ್ ಕೊನೆಯ ವಾರ ಕಾಲಿಡಲು ಜಾಗ ಇರುವುದಿಲ್ಲ. ವಾರದ ಮಧ್ಯೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಅದೇ ಮೃಗಾಲಯ ಬೇರೆಯದೇ ಜಾಗ ಅನ್ನಿಸುತ್ತದೆ. ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ, ಬ್ಯಾಗ್ ತಪಾಸಣೆ ಮಾಡುತ್ತಾರೆ. ಮಗುವಿನ ಔಷಧಿ, ಪಥ್ಯದ ಊಟದ ಬಗ್ಗೆ ಗೇಟಿನಲ್ಲಿ ವಾದ ಬೇಡ, ಮೊದಲೇ ಶಾಲೆಯ ಪತ್ರ ಇಟ್ಟುಕೊಳ್ಳಿ.

ಅರಮನೆಯ ಒಳಗೆ ಹೋಗಲು ಚಪ್ಪಲಿ, ಶೂ ಬಿಡಬೇಕು. ಕಾಲಿಗೆ ಆಧಾರವಾಗಿ ಸ್ಪ್ಲಿಂಟ್ ಅಥವಾ ಕ್ಯಾಲಿಪರ್ ಹಾಕುವ ಮಗುವಿಗೆ ಶೂ ಇಲ್ಲದೆ ನಡೆಯುವುದೇ ಕಷ್ಟ. ಬರಿಗಾಲನ್ನು ತಣ್ಣನೆಯ ನೆಲಕ್ಕೆ ಇಡಲಾರದ ಆಟಿಸಂ ಮಕ್ಕಳೂ ಇದ್ದಾರೆ. ಸಾಕ್ಸ್ ಹಾಕಿ ಮನೆಯಲ್ಲಿ ಅಭ್ಯಾಸ ಮಾಡಿಸಿ. ಚಪ್ಪಲಿ ಬಿಡುವ ಜಾಗದಲ್ಲಿ ಎಲ್ಲರೂ ಬಗ್ಗಿರುತ್ತಾರೆ, ಯಾರ ಕಣ್ಣೂ ಮಕ್ಕಳ ಮೇಲೆ ಇರುವುದಿಲ್ಲ. ಅಲ್ಲಿ ಜವಾಬ್ದಾರಿ ಇರುವವರು ತಮ್ಮ ಚಪ್ಪಲಿಯನ್ನು ಕೊನೆಗೆ ಬಿಡಲಿ. ಭಾನುವಾರ, ರಜಾದಿನಗಳ ಸಂಜೆಯ ದೀಪಾಲಂಕಾರ ನೋಡಲು ಚೆಂದ. ಆದರೆ ಕತ್ತಲೆ, ಜನಸಂದಣಿ, ಒಮ್ಮೆಲೇ ಬೆಳಗುವ ಹತ್ತಿರ ಹತ್ತಿರ ಲಕ್ಷ ಬಲ್ಬು, ಎಲ್ಲ ಒಟ್ಟಿಗೆ ಬರುತ್ತದೆ. ಓಡಿಹೋಗುವ ಅಭ್ಯಾಸವಿರುವ ಮಗುವಿಗೆ ಹಗಲಿನ ಅರಮನೆಯೇ ಇರಲಿ.

ಕೆಆರ್‌ಎಸ್ ಬೃಂದಾವನದಲ್ಲಿ ಮಜಲು ಮಜಲಾಗಿ ಮೆಟ್ಟಿಲುಗಳಿವೆ, ಎಲ್ಲೆಲ್ಲೂ ನೀರಿದೆ. ಸಂಗೀತ ಕಾರಂಜಿ ಮುಗಿದ ಕೂಡಲೇ ಸಾವಿರಾರು ಜನ ಒಂದೇ ಸಲ ಗೇಟಿನ ಕಡೆ ನುಗ್ಗುತ್ತಾರೆ. ಹೋಗಲೇಬೇಕಾದರೆ ಮಧ್ಯಾಹ್ನ ಹೋಗಿ, ಬೆಳಕಿರುವಾಗಲೇ ಬಸ್ಸಿಗೆ ಬನ್ನಿ. ಕಾರಂಜಿ ನೋಡುವ ಆಸೆ ಇದ್ದರೆ ಮುಗಿಯುವ ಹತ್ತು ನಿಮಿಷ ಮೊದಲು ಈ ಮಗುವನ್ನೂ ಅದನ್ನು ನೋಡಿಕೊಳ್ಳುವ ಜೊತೆಗಾರರನ್ನೂ ಹೊರಗೆ ಕರೆದುಕೊಂಡು ಬರಬೇಕು.

ಮೇಲುಕೋಟೆಯ ಕಲ್ಯಾಣಿ ಸುತ್ತ ಮೆಟ್ಟಿಲು, ಮೆಟ್ಟಿಲಿನ ಕೊನೆಗೆ ಆಳದ ನೀರು. ಯೋಗನರಸಿಂಹ ಬೆಟ್ಟ ಪೂರ್ತಿ ಮೆಟ್ಟಿಲೇ. ಕೋತಿಗಳು ಕೈಯಲ್ಲಿರುವ ಕವರ್ ಕಿತ್ತುಕೊಳ್ಳುತ್ತವೆ, ಅದರಲ್ಲಿ ಔಷಧಿ ಇದ್ದರೆ ಅದೂ ಹೋಯಿತು. ಬ್ಯಾಗಿಗೆ ಜಿಪ್ ಇರಲಿ, ತಿಂಡಿ ಬಸ್ಸಿನೊಳಗೇ ಕೊಡಿ.

ಮೊದಲ ಸಲ ಹೊರಗೆ ಹೊರಟ ಮಗುವಿಗೆ ನಾನು ಸೂಚಿಸುವುದು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ. ಸಣ್ಣ ಜಾಗ, ಕಾಂಪೌಂಡ್ ಒಳಗೇ ಎಲ್ಲ, ಮುಟ್ಟಿ ನೋಡಬಹುದಾದ ಹಳೆಯ ಇಂಜಿನ್‌ಗಳು. ಒಂದೆರಡು ಗಂಟೆಯಲ್ಲಿ ಮುಗಿಸಿ ಮಗು ಖುಷಿಯಾಗಿರುವಾಗಲೇ ಮನೆಗೆ ಬರಬಹುದು.

ನೀರಿನ ಬಗ್ಗೆ ಬೇರೆಯಾಗಿ ಹೇಳಲೇಬೇಕು

ನಮ್ಮದು ಕಾವೇರಿ ಸೀಮೆ. ಶ್ರೀರಂಗಪಟ್ಟಣದ ಸಂಗಮ, ಬಲಮುರಿ, ಎಡಮುರಿ, ಗಗನಚುಕ್ಕಿ, ಎಲ್ಲಿಗೆ ಹೊರಟರೂ ದಾರಿಯಲ್ಲಿ ನದಿ, ನಾಲೆ, ಕೆರೆ. ಪ್ರವಾಸದ ಪಟ್ಟಿಯಲ್ಲಿ ಇರದಿದ್ದರೂ "ಹತ್ತು ನಿಮಿಷ ಕಾಲು ನೆನೆಸಿಕೊಂಡು ಬರೋಣ" ಎಂದು ಬಸ್ ನಿಲ್ಲಿಸುವ ಅಭ್ಯಾಸವಿದೆ. ಆ ಹತ್ತು ನಿಮಿಷಕ್ಕೆ ನಾನು ತುಂಬಾ ಹೆದರುತ್ತೇನೆ.

ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರೆಂದರೆ ಸೆಳೆತ. ಹೊಳೆಯುವುದು, ಅಲುಗಾಡುವುದು, ಸದ್ದು, ಎಲ್ಲವೂ ಅವರನ್ನು ಎಳೆಯುತ್ತದೆ. ಆದರೆ ಆಳದ ಅಪಾಯ ಅವರಿಗೆ ತಿಳಿಯುವುದಿಲ್ಲ. 2012ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಆಟಿಸಂ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೋಗಲು ನೋಡಿದ್ದರು ಎಂದು ಪೋಷಕರು ಅದರಲ್ಲಿ ಹೇಳಿದ್ದರು. ಹಾಗೆ ಹೋದ ಮಕ್ಕಳಿಗೆ ದೊಡ್ಡ ಅಪಾಯ ನೀರಿನದು, ಆಮೇಲೆ ರಸ್ತೆಯದು.

ನದಿಯ ಮಟ್ಟ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಏರುತ್ತದೆ. ದಡದಲ್ಲಿ ನಿಂತವರಿಗೆ ಅದು ಗೊತ್ತಾಗುವಾಗ ಹೊತ್ತು ಮೀರಿರಬಹುದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ 4 ವಿದ್ಯಾರ್ಥಿನಿಯರು ಪ್ರವಾಸದಲ್ಲೇ ಪ್ರಾಣ ಕಳೆದುಕೊಂಡರು. ಶಿಕ್ಷಕರು ಜೊತೆಗಿದ್ದ ಪ್ರವಾಸ ಅದು. ನೀರಿಗೆ ಇಳಿದ ಮೇಲೆ ದಡದಲ್ಲಿರುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ ಒಪ್ಪಿಗೆ ಪತ್ರದಲ್ಲೇ ಬರೆಯಿರಿ: "ಪಟ್ಟಿಯಲ್ಲಿ ಇಲ್ಲದ ನೀರಿನ ಜಾಗದಲ್ಲಿ ಬಸ್ ನಿಲ್ಲಿಸಿದರೆ ನನ್ನ ಮಗು ಬಸ್ಸಿನಿಂದ ಇಳಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ." ಸಂಗಮ, ಬಲಮುರಿಯಲ್ಲಿ ಇಳಿಸುವುದೇ ಬೇಡ. ರಂಗನತಿಟ್ಟಿನ ದೋಣಿ ಬೇರೆ ಮಾತು. ಅಲ್ಲಿ ಅಂಬಿಗರಿದ್ದಾರೆ, ಲೈಫ್ ಜಾಕೆಟ್ ಇದೆ. ಆದರೆ ಅಲ್ಲಿ ಮೊಸಳೆಗಳೂ ಇವೆ. ತಟ್ಟನೆ ಎದ್ದು ನಿಲ್ಲುವ, ನೀರಿಗೆ ಕೈಹಾಕುವ ಮಗುವಾದರೆ ದೋಣಿ ಬೇಡ, ದಡದ ಮರಗಳ ಕೆಳಗಿನ ದಾರಿಯಿಂದಲೇ ಕೊಕ್ಕರೆ, ಚಮಚಕೊಕ್ಕು ನೋಡಬಹುದು. ಫಿಟ್ಸ್ ಇರುವ ಮಗು ದೋಣಿ ಹತ್ತುವುದಾದರೆ ಡಾಕ್ಟರನ್ನು ಕೇಳಿರಬೇಕು. ಜಾಕೆಟ್ ಹಾಕಿಸಿ, ಮಧ್ಯದಲ್ಲಿ ಕೂರಿಸಿ, ಪಕ್ಕದಲ್ಲಿ ಜೊತೆಗಾರರು ಕೂರಬೇಕು. ಕಾಕ್ಲಿಯರ್ ಇಂಪ್ಲಾಂಟ್ ಅಥವಾ ಶ್ರವಣಯಂತ್ರ ಇರುವ ಮಗುವಿಗೆ ಅದರ ದಾರ ಕಾಲರಿಗೆ ಸಿಕ್ಕಿಸಿರಲಿ.

ಹಂತ 2: ಒಂದೇ ಪುಟದ ಪರಿಚಯ

ಮಗುವಿನ ಫೈಲ್ ಎಷ್ಟೇ ದಪ್ಪ ಇರಲಿ, ಪ್ರವಾಸದಲ್ಲಿ ಯಾರೂ ಅದನ್ನು ಓದುವುದಿಲ್ಲ. ಒಂದು ಪುಟ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಬಸ್ ಡ್ರೈವರ್ ಓದಿದರೂ ಅರ್ಥವಾಗಬೇಕು. ರೋಗದ ಹೆಸರಿಗಿಂತ ಮಗು ಏನು ಮಾಡುತ್ತದೆ, ಆಗ ನೀವು ಏನು ಮಾಡಬೇಕು ಎಂಬುದೇ ಮುಖ್ಯ. ಹೀಗೆ:

"ನನಗೆ ಮಾತು ಬರುವುದಿಲ್ಲ, ಹೇಳಿದ್ದು ಅರ್ಥವಾಗುತ್ತದೆ. ಹೆಸರು ಕೂಗಿದರೆ ತಿರುಗಿ ನೋಡುವುದಿಲ್ಲ. ಕೈ ಕಚ್ಚಿಕೊಂಡರೆ ಸದ್ದು ಜಾಸ್ತಿಯಾಗಿದೆ ಎಂದರ್ಥ, ಅಲ್ಲಿಂದ ದೂರ ಕರೆದುಕೊಂಡು ಹೋಗಿ. ಭುಜ ಹಿಡಿದು ಎಳೆಯಬೇಡಿ, ಕೈ ಚಾಚಿದರೆ ನಾನೇ ಹಿಡಿಯುತ್ತೇನೆ. ನೀರು ಕಂಡರೆ ಓಡುತ್ತೇನೆ. ಪ್ಯಾಂಟ್ ಎಳೆದರೆ ಶೌಚಕ್ಕೆ ಹೋಗಬೇಕು. ಮಧ್ಯಾಹ್ನ 1 ಗಂಟೆಗೆ ಬಿಳಿ ಡಬ್ಬಿಯ ಒಂದು ಮಾತ್ರೆ, ಊಟದ ಮೇಲೆ."

ಇದರ ಕೆಳಗೆ ಅಲರ್ಜಿ, ರಕ್ತದ ಗುಂಪು, ಇಬ್ಬರು ಪೋಷಕರ ಫೋನ್, ಡಾಕ್ಟರ ಫೋನ್, ಇತ್ತೀಚಿನ ಫೋಟೊ ಇರಲಿ. ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸ್ ಲಗತ್ತಿಸಿ. ಮೂರು ಪ್ರತಿ ಸಾಕು: ಮುಖ್ಯ ಶಿಕ್ಷಕರಿಗೆ ಒಂದು, ಜೊತೆಗಾರರಿಗೆ ಒಂದು, ಮಗುವಿನ ಬ್ಯಾಗಿನಲ್ಲಿ ಒಂದು. ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮಗುವಿನ ಖಾಸಗಿ ವಿಷಯ ಊರಿಗೆಲ್ಲ ಗೊತ್ತಾಗಬೇಕಾಗಿಲ್ಲ.

ಮಾತು, ಕಿವಿ, ನುಂಗುವ ತೊಂದರೆ ಇರುವ ಮಕ್ಕಳು ಅನೇಕರು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಾರೆ, ಅಲ್ವಾ? ಅಲ್ಲಿನ ಥೆರಪಿಸ್ಟ್‌ಗೆ ಈ ಪುಟ ತೋರಿಸಿ. ಮಗು ಬಳಸುವ ಚಿತ್ರಗಳು, ಸನ್ನೆಗಳ ಪೈಕಿ ಪ್ರವಾಸಕ್ಕೆ ಬೇಕಾದ ಐದಾರನ್ನು ಅವರೇ ಆರಿಸಿಕೊಡುತ್ತಾರೆ: ನೀರು, ಶೌಚ, ನೋವು, ಸಾಕು, ಮನೆ, ಬೇಡ.

ಹಂತ 3: ಜೊತೆಗಾರರು ಯಾರು, ಕೈ ಬದಲಾಗುವುದು ಹೇಗೆ

ಓಡಿಹೋಗುವ ಮಗುವಿಗೆ, ಎತ್ತಿ ಕೂರಿಸಬೇಕಾದ ಮಗುವಿಗೆ ಒಬ್ಬರಿಗೆ ಒಬ್ಬರು ಬೇಕು. ಅವರಿಗೆ ಬೇರೆ ಯಾವ ಕೆಲಸವೂ ಇರಬಾರದು. ಟಿಕೆಟ್ ತರುವುದು, ಊಟ ಬಡಿಸುವುದು, ಫೋಟೊ ತೆಗೆಯುವುದು ಯಾವುದೂ ಬೇಡ. ದಿನವಿಡೀ ಒಬ್ಬರಿಗೇ ಹೊರಿಸಿದರೆ ಮಧ್ಯಾಹ್ನದ ಹೊತ್ತಿಗೆ ಅವರ ಗಮನ ಕುಗ್ಗುತ್ತದೆ. ಆದ್ದರಿಂದ ಇಬ್ಬರನ್ನು ಗೊತ್ತು ಮಾಡಿ, ಪಾಳಿ ಮಾಡಿ.

ಪಾಳಿ ಬದಲಾಗುವ ಹೊತ್ತೇ ಅಪಾಯದ ಹೊತ್ತು. "ಅವರು ನೋಡ್ತಿದ್ದಾರೆ ಅಂದ್ಕೊಂಡೆ" ಅನ್ನುವ ಮಾತು ಹುಟ್ಟುವುದೇ ಅಲ್ಲಿ. ಇದಕ್ಕೆ ನಾನು ಎಲ್ಲ ಶಾಲೆಗಳಿಗೂ ಹೇಳುವ ಉಪಾಯ ಒಂದಿದೆ. ಮಗುವಿನ ಔಷಧಿ, ಪರಿಚಯ ಪುಟ ಇರುವ ಬ್ಯಾಗಿಗೆ ಎದ್ದು ಕಾಣುವ ಬಣ್ಣ ಇರಲಿ. ಆ ಬ್ಯಾಗ್ ಯಾರ ಹೆಗಲ ಮೇಲಿದೆಯೋ ಮಗು ಅವರ ಜವಾಬ್ದಾರಿ. ಬ್ಯಾಗ್ ಕೊಡುವಾಗ ಮಗುವನ್ನು ಮುಟ್ಟಿ, ಕಣ್ಣಲ್ಲಿ ಕಣ್ಣಿಟ್ಟು, ಬಾಯಿಬಿಟ್ಟು ಹೇಳಬೇಕು: "ಈಗ ನೀವು." ಆ ಕಡೆಯವರು "ಸರಿ, ಈಗ ನಾನು" ಅನ್ನಬೇಕು. ಆ ಉತ್ತರ ಬರುವವರೆಗೆ ಮೊದಲಿನವರು ಕೈ ಬಿಡುವ ಹಾಗಿಲ್ಲ. ದೂರದಲ್ಲಿ ನಿಂತ ಶಿಕ್ಷಕರಿಗೂ ಬ್ಯಾಗಿನ ಬಣ್ಣ ಕಂಡರೆ ಸಾಕು, ಮಗು ಯಾರ ಬಳಿ ಇದೆ ಎಂದು ಕೇಳಬೇಕಾಗಿಲ್ಲ.

ಜೊತೆಗಾರರನ್ನು ಆರಿಸುವಾಗ ಮಗುವಿಗೆ ಪರಿಚಯ ಇರುವವರನ್ನೇ ಆರಿಸಿ. ಹೊಸಬರಾದರೆ ಕನಿಷ್ಠ ಒಂದು ವಾರ ಶಾಲೆಯಲ್ಲಿ ಮಗುವಿನ ಜೊತೆ ಊಟಕ್ಕೆ, ಆಟಕ್ಕೆ ಕೂರಲಿ. ಹೆಣ್ಣುಮಗುವಿಗೆ ಶೌಚ, ಬಟ್ಟೆ ಬದಲಿಸುವ ಕೆಲಸಕ್ಕೆ ಹೆಣ್ಣುಮಕ್ಕಳೇ ಬೇಕು. ಮುಚ್ಚಿದ ಬಾಗಿಲಿನ ಹಿಂದೆ ಮಗುವಿನ ಜೊತೆ ಯಾವ ಗಂಡಸೂ, ಹೆಂಗಸೂ ಒಬ್ಬರೇ ಇರಬಾರದು, ಇನ್ನೊಬ್ಬರು ಬಾಗಿಲ ಹೊರಗೆ ಮಾತು ಕೇಳುವಷ್ಟು ಹತ್ತಿರ ಇರಬೇಕು. ಇದು ಯಾರ ಮೇಲೂ ಅನುಮಾನವಲ್ಲ. ಆದದ್ದನ್ನು ಹೇಳಲಾರದ ಮಗುವಿಗೆ ನಾವು ಕೊಡಬೇಕಾದ ಕಾವಲು.

ಸಹಪಾಠಿಗಳನ್ನು ಜೊತೆಗಾರರ ಬದಲಿಗೆ ಬಳಸಬೇಡಿ. ಗೆಳೆಯ ಪಕ್ಕದಲ್ಲಿ ನಡೆಯಲಿ, ಕೈ ಹಿಡಿಯಲಿ, ಒಟ್ಟಿಗೆ ನಗಲಿ. ಕಾಯುವ ಹೊಣೆ ಹತ್ತು ವರ್ಷದ ಮಗುವಿನದಲ್ಲ.

ಹಂತ 4: ಮಗುವನ್ನು ತಯಾರು ಮಾಡುವುದು

ದೊಡ್ಡವರ ತಯಾರಿ ಬಗ್ಗೆ ಎಲ್ಲರೂ ಮಾತಾಡುತ್ತೇವೆ, ಹೋಗುವವರು ಮಕ್ಕಳು. ಎರಡು ವಾರ ಮೊದಲೇ ಶುರು ಮಾಡಿ. ಸಾಧ್ಯವಾದರೆ ಅದೇ ಜಾಗಕ್ಕೆ ಮನೆಯವರೊಟ್ಟಿಗೆ ಒಮ್ಮೆ ಹೋಗಿಬನ್ನಿ. ಆಗದಿದ್ದರೆ ಫೋನಿನಲ್ಲಿ ವಿಡಿಯೊ ತೋರಿಸಿ. ದಿನದ ಕ್ರಮವನ್ನು ಚಿತ್ರಗಳಲ್ಲಿ ಅಂಟಿಸಿ: ಬಸ್, ಗೇಟು, ಆನೆ, ಊಟ, ಬಸ್, ಅಮ್ಮ. ಕೊನೆಯ ಚಿತ್ರ ಅಮ್ಮನದೋ ಮನೆಯದೋ ಇರಲೇಬೇಕು. ದಿನಕ್ಕೆ ಕೊನೆ ಇದೆ ಎಂದು ಗೊತ್ತಾದರೆ ಮಗು ಎಷ್ಟೋ ಗಲಾಟೆ ತಡೆದುಕೊಳ್ಳುತ್ತದೆ.

ಕೈ ಹಿಡಿದು ಸಾಲಿನಲ್ಲಿ ನಡೆಯುವುದು, "ನಿಲ್ಲು" ಅಂದರೆ ನಿಲ್ಲುವುದು, ಸಮವಸ್ತ್ರದ ಕಾವಲುಗಾರರಿಗೆ ಗುರುತಿನ ಕಾರ್ಡ್ ತೋರಿಸುವುದು, ಇಷ್ಟನ್ನು ದೇವರಾಜ ಮಾರುಕಟ್ಟೆಯಲ್ಲೋ ನಿಮ್ಮೂರ ಸಂತೆಯಲ್ಲೋ ಅಭ್ಯಾಸ ಮಾಡಿಸಿ. ಮನೆಯ ಅಂಗಳದಲ್ಲಿ ನಿಂತ ಮಗು ಸಂತೆಯಲ್ಲೂ ನಿಲ್ಲುತ್ತದೆ ಎಂದು ಹೇಳಲಾಗದು. ಹೊಸ ಶೂ, ಹೊಸ ಬಟ್ಟೆಯನ್ನು ಆ ದಿನಕ್ಕೆ ಮೊದಲ ಬಾರಿ ಹಾಕಬೇಡಿ.

ಹಂತ 5: ಗುರುತು

ಫೋನ್ ನಂಬರ್ ಮಗುವಿನ ಮೈಮೇಲೆ ಇರಬೇಕು, ಬ್ಯಾಗಿನ ಮೇಲೆ ಮಾತ್ರ ಇದ್ದರೆ ಸಾಲದು. ಕೈಪಟ್ಟಿ ಒಪ್ಪದ ಮಗುವಿಗೆ ಅಂಗಿಯ ಒಳಗಡೆ ಬಟ್ಟೆ ಚೂರಿನ ಮೇಲೆ ಬರೆದು ಹೊಲಿಯಿರಿ, ಅಥವಾ ಬೆಳಿಗ್ಗೆ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಿರಿ. ಹೆಸರನ್ನು ಹೊರಗೆ ಎದ್ದು ಕಾಣುವ ಹಾಗೆ ಬರೆಯುವುದು ಬೇಡ. ಹೆಸರು ಓದಿ ಪ್ರೀತಿಯಿಂದ ಕರೆದರೆ ಮಗು ಗುರುತಿಲ್ಲದವರ ಹಿಂದೆಯೂ ಹೋಗಬಹುದು. ಹೊರಡುವ ಮೊದಲು ಆ ದಿನದ ಬಟ್ಟೆಯಲ್ಲೇ ತಲೆಯಿಂದ ಕಾಲಿನವರೆಗೆ ಫೋಟೊ ತೆಗೆದು ಜೊತೆಗಾರರ ಫೋನಿಗೆ ಕಳಿಸಿ. ಜಿಪಿಎಸ್ ವಾಚು ಇದ್ದರೆ ಹಾಕಿ, ಆದರೆ ಅದನ್ನು ನಂಬಿ ಕಣ್ಣು ಬೇರೆಡೆ ಹೋಗಬಾರದು. ಸಿಗ್ನಲ್ ಇಲ್ಲದ ಕಡೆ, ಮಗು ಬಿಚ್ಚಿ ಎಸೆದ ಕಡೆ ಅದು ಕೆಲಸಕ್ಕೆ ಬಾರದು.

ಹಂತ 6: ಔಷಧಿ, ಊಟ, ಬ್ಯಾಗ್

ಬೆಳಿಗ್ಗೆ 5ಕ್ಕೆ ಬಸ್ ಎಂದರೆ ನಿದ್ದೆ ಕೆಡುತ್ತದೆ, ಮಾತ್ರೆ ತಪ್ಪುತ್ತದೆ. ಫಿಟ್ಸ್ ಬರಲು ಈ ಎರಡೇ ಸಾಕು. ಆ ದಿನ ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಡಬೇಕೆಂದು ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ಒಂದು ದಿನದ ಮಾತ್ರೆ ಜೊತೆಗೆ ಇನ್ನೊಂದು ದಿನದ್ದು ಹೆಚ್ಚಿಗೆ ಇರಲಿ, ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿಯ ನಕಲೂ ಇರಲಿ. ಟೋಪಿರಮೇಟ್, ಜೋನಿಸಮೈಡ್‌ನಂಥ ಕೆಲವು ಫಿಟ್ಸ್ ಮಾತ್ರೆಗಳು ಬೆವರನ್ನು ಕಡಿಮೆ ಮಾಡುತ್ತವೆ. ಅಂಥ ಮಗುವಿಗೆ ಬಿಸಿಲು ಬೇಗ ತಟ್ಟುತ್ತದೆ, ನೆರಳಿನಲ್ಲಿ ಕೂರಿಸಿ ಆಗಾಗ ನೀರು ಕೊಡಬೇಕು.

ನುಂಗಲು ಕಷ್ಟವಿರುವ ಮಗುವಿಗೆ ಪ್ರವಾಸದ ಊಟವೇ ಅಪಾಯ. ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ ಇರುತ್ತದೆ. ಚುರುಮುರಿ, ಬೇಯಿಸಿದ ಜೋಳ, ದ್ರಾಕ್ಷಿ, ಎಲ್ಲವೂ ಗಂಟಲಿಗೆ ಸಿಕ್ಕಿಕೊಳ್ಳುವಂಥವೇ. ಮನೆಯಿಂದ ಮೆತ್ತಗಿನ ಮೊಸರನ್ನ, ಇಡ್ಲಿ ಕಳಿಸಿ. ಬಸ್ ಓಡುವಾಗ ತಿನ್ನಿಸಬಾರದು. ನೆಟ್ಟಗೆ ಕೂರಿಸಿ, ನಿಧಾನವಾಗಿ. ಬೇರೆಯವರು ಪ್ರೀತಿಯಿಂದ ಕೊಡುವ ಬಿಸ್ಕತ್ತು, ಮೈಸೂರ್ ಪಾಕಿಗೂ ಜೊತೆಗಾರರು "ಬೇಡ" ಅನ್ನಬೇಕು.

ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಡೈಪರ್ ಅಥವಾ ಪ್ಯಾಡ್, ಒರೆಸುವ ಬಟ್ಟೆ, ಕಿವಿ ಮುಚ್ಚುವ ಹೆಡ್‌ಫೋನ್, ಟೋಪಿ, ಶ್ರವಣಯಂತ್ರದ ಸೆಲ್, ಮಗುವಿಗೆ ಇಷ್ಟದ ಒಂದು ವಸ್ತು. ಆ ಇಷ್ಟದ ವಸ್ತುವನ್ನು ಮರೆಯಬೇಡಿ. ಬಳಸಿದ ಒಂದು ಹಳೆಯ ಕರ್ಚೀಫ್ ಎಷ್ಟೋ ಸಲ ಮಗುವನ್ನು ಸಮಾಧಾನ ಮಾಡುತ್ತದೆ.

ಹಂತ 7: ಬಸ್ಸಿನಲ್ಲಿ

ಬಾಗಿಲ ಪಕ್ಕದ ಸೀಟು ಬೇಡ, ಕೊನೆಯ ಸೀಟೂ ಬೇಡ. ಮುಂದಿನಿಂದ ಎರಡು ಮೂರನೆಯ ಸಾಲು, ಮಗು ಒಳಗಡೆ, ಜೊತೆಗಾರರು ಹೊರಗಡೆ. ಕಿಟಕಿಗೆ ಸರಳಿರಬೇಕು. ಗಾಲಿಕುರ್ಚಿಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ, ಮಗುವನ್ನು ಬಸ್ಸಿನ ಸೀಟಿನಲ್ಲೇ ಕೂರಿಸಿ ಬೆಲ್ಟ್ ಹಾಕಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕುತ್ತಿಗೆಯ ಮೂಳೆಗಳ ಹಿಡಿತ ಸಡಿಲವಿರುತ್ತದೆ. ಹಿಂದಿನ ಸೀಟಿನ ಕುಲುಕಾಟ, ಅಮ್ಯೂಸ್‌ಮೆಂಟ್ ಪಾರ್ಕಿನ ಜಾರುಬಂಡಿ ಅವರಿಗೆ ಡಾಕ್ಟರು ಹೇಳದೆ ಬೇಡ.

ಪ್ರವಾಸದ ಬಸ್ ಎಂದರೆ ಹಾಡು, ಕುಣಿತ ಇದ್ದೇ ಇರುತ್ತದೆ. ಮಕ್ಕಳ ಖುಷಿ ಕಿತ್ತುಕೊಳ್ಳಬೇಕಾಗಿಲ್ಲ. ಸ್ಪೀಕರಿನಿಂದ ದೂರದ ಸೀಟು, ಹೆಡ್‌ಫೋನ್, ನಡುವೆ ಅರ್ಧ ಗಂಟೆ ಹಾಡಿಗೆ ಬಿಡುವು. ತರಗತಿಗೆ ಮೊದಲೇ ಹೇಳಿದರೆ ಮಕ್ಕಳೇ ವಾಲ್ಯೂಮ್ ತಗ್ಗಿಸುತ್ತಾರೆ.

ಹತ್ತುವಾಗ, ಇಳಿಯುವಾಗ ಸುಮ್ನೆ ತಲೆ ಎಣಿಸಿದರೆ ಸಾಲದು. ಹೆಸರು ಓದಿ, ಮುಖ ನೋಡಿ. ಕೊನೆಗೆ ಒಬ್ಬರು ಬಸ್ಸಿನ ಹಿಂದಿನವರೆಗೂ ನಡೆದು ಸೀಟಿನ ಕೆಳಗೂ ನೋಡಬೇಕು. ನಿದ್ದೆ ಹೋದ ಮಗು ಬಿಸಿಲಲ್ಲಿ ನಿಂತ ಬಸ್ಸಿನಲ್ಲಿ ಉಳಿದುಬಿಡಬಾರದು.

ಹಂತ 8: ಅಲ್ಲಿ ತಲುಪಿದ ಮೇಲೆ

ಮೊದಲು ಶೌಚಾಲಯ, ಆಮೇಲೆ ಸಾಲು. ಮಗು ಕೇಳಲಿ ಎಂದು ಕಾಯಬೇಡಿ, ಎರಡು ಗಂಟೆಗೊಮ್ಮೆ ಕರೆದುಕೊಂಡು ಹೋಗಿ. ಇಂಡಿಯನ್ ಶೌಚದಲ್ಲಿ ಕೂರಲಾಗದ ಮಗುವಿಗೆ ಕಮೋಡ್ ಎಲ್ಲಿದೆ ಎಂದು ಗೇಟಿನಲ್ಲೇ ಕೇಳಿಟ್ಟುಕೊಳ್ಳಿ.

ಟಿಕೆಟ್ ಸಾಲಿನಲ್ಲಿ ಮಗುವನ್ನು ನಿಲ್ಲಿಸಬೇಡಿ. ನೆರಳಲ್ಲಿ ಕೂತಿದ್ದು ಕೊನೆಗೆ ಸೇರಿಕೊಳ್ಳಲಿ. ಗುಂಪಿನ ಮಧ್ಯದಲ್ಲಿ ನಡೆಸಿ, ಹಿಂದೆ ಒಬ್ಬ ಶಿಕ್ಷಕರು ಇರಲಿ. ಕಿವಿ ಕೇಳದ ಮಗುವಿಗೆ ಸೀಟಿ ಕೇಳುವುದಿಲ್ಲ, ಆದ್ದರಿಂದ "ಸೀಟಿ ಹೊಡೆದರೆ ಬನ್ನಿ" ಅನ್ನುವ ಪದ್ಧತಿ ಅವರಿಗೆ ನಡೆಯದು. ಬಣ್ಣದ ಬಾವುಟ ಎತ್ತಿ, ಅಥವಾ ಗೆಳೆಯ ಭುಜ ತಟ್ಟಲಿ. ಕಣ್ಣು ಕಾಣದ ಮಗುವಿಗೆ ಜೊತೆಗಾರರು ತಮ್ಮ ಮೊಣಕೈ ಕೊಡಬೇಕು, ಮೆಟ್ಟಿಲು ಬಂದಾಗ ಹತ್ತುವುದಾ ಇಳಿಯುವುದಾ ಎಂದು ಹೇಳಬೇಕು, ಹಿಂದಿನಿಂದ ತಳ್ಳಬಾರದು.

ಮಗು ಕಿರುಚಿ ನೆಲಕ್ಕೆ ಕೂತರೆ ಅದು ಹಟವಲ್ಲ, ತಡೆದುಕೊಳ್ಳಲಾಗದ ಸ್ಥಿತಿ. ಸುತ್ತ ನೆರೆಯುವ ಜನರನ್ನು ಒಬ್ಬರು ದೂರ ಕಳಿಸಲಿ. ಜೊತೆಗಾರರು ಮಾತು ಕಡಿಮೆ ಮಾಡಿ ಪಕ್ಕದಲ್ಲಿ ಕೂರಲಿ. ಬೈಯುವುದು, ಎಳೆಯುವುದು, ವಿಡಿಯೊ ಮಾಡುವುದು ಬೇಡವೇ ಬೇಡ. ಬಸ್ ಹತ್ತಿರದಲ್ಲಿದ್ದರೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಇದ್ದು ಬರಬಹುದು. ಇದಕ್ಕಾಗಿಯೇ ಡ್ರೈವರ್ ಫೋನ್ ನಂಬರ್ ಜೊತೆಗಾರರ ಬಳಿ ಇರಬೇಕು.

ಹಂತ 9: ಮಗು ಕಾಣದಿದ್ದರೆ

"ಇಲ್ಲೇ ಎಲ್ಲೋ ಇರ್ತಾನೆ" ಎಂದು ಕಾಯಬೇಡಿ. ಮೊದಲು ಹತ್ತಿರದ ನೀರಿನ ಕಡೆ ಒಬ್ಬರು ಓಡಬೇಕು, ಇನ್ನೊಬ್ಬರು ರಸ್ತೆ ಕಡೆಯ ಗೇಟಿಗೆ. ಒಬ್ಬರು ಉಳಿದ ಮಕ್ಕಳನ್ನು ಒಂದೇ ಕಡೆ ಕೂರಿಸಿಕೊಳ್ಳಬೇಕು. ಕಾವಲುಗಾರರಿಗೆ ಬೆಳಿಗ್ಗೆಯ ಫೋಟೊ ತೋರಿಸಿ. ಮೈಕಿನಲ್ಲಿ ಮಗುವಿನ ಹೆಸರು ಕೂಗಿದರೆ ಉಪಯೋಗವಿಲ್ಲ, ಉತ್ತರ ಕೊಡದ ಮಗು ಅದು. ಬಟ್ಟೆಯ ಬಣ್ಣ, ಎತ್ತರ ಹೇಳಿ, "ಕಂಡವರು ಪಕ್ಕದಲ್ಲೇ ನಿಂತು ತಿಳಿಸಿ, ಹಿಡಿದು ಎಳೆಯಬೇಡಿ" ಎಂದು ಜನರಿಗೆ ಹೇಳಿಸಿ.

ಕೆಲವೇ ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. 1098 ಮಕ್ಕಳ ಸಹಾಯವಾಣಿ. ಅದೇ ಹೊತ್ತಿಗೆ ಪೋಷಕರಿಗೂ ಹೇಳಿ. ಅವರು ಗಾಬರಿಯಾಗುತ್ತಾರೆ ಎಂದು ಮುಚ್ಚಿಡುವುದು ದೊಡ್ಡ ತಪ್ಪು. ಮಗು ಐಸ್‌ಕ್ರೀಂ ಗಾಡಿಯ ಕಡೆ ಹೋಗುತ್ತದಾ, ತಿರುಗುವ ಚಕ್ರ ನೋಡುತ್ತಾ ನಿಲ್ಲುತ್ತದಾ ಎಂದು ಗೊತ್ತಿರುವುದು ಅವರಿಗೇ.

ಹಂತ 10: ಫಿಟ್ಸ್ ಬಂದರೆ

ಸಮಯ ನೋಡಿಕೊಳ್ಳಿ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ, ಕತ್ತಿನ ಗುಂಡಿ ಸಡಿಲಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ, ಬೆರಳು, ನೀರು ಹಾಕಿದರೆ ಅಪಾಯ. ಅದುಮಿ ಹಿಡಿಯಬೇಡಿ. ಡಾಕ್ಟರು ಫಿಟ್ಸ್ ನಿಲ್ಲಿಸಲು ಮೂಗಿಗೆ ಬಿಡುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕೊಡಿ. ಅದನ್ನು ಬಳಸುವುದನ್ನು ಜೊತೆಗಾರರಿಗೆ ಮೊದಲೇ ತೋರಿಸಿರಬೇಕು. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಅಥವಾ ಅದು ಮೊದಲ ಸಲವಾದರೆ 108. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಕ್ಕಳಿಗೆ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್ ಇವೆ. ಪ್ರತಿ ಜಾಗಕ್ಕೂ ಹತ್ತಿರದ ಆಸ್ಪತ್ರೆ ಯಾವುದು ಎಂದು ಪ್ರವಾಸದ ಪಟ್ಟಿಯಲ್ಲೇ ಬರೆದಿಡಿ.

ವಾಪಸ್ ಬಂದ ಮೇಲೆ

ಬಸ್ಸಿನ ಬಾಗಿಲಲ್ಲೇ ಬ್ಯಾಗ್ ಮತ್ತು ಮಗು ಒಟ್ಟಿಗೆ ಪೋಷಕರ ಕೈಗೆ ಬರಬೇಕು, ಅಲ್ಲೂ "ಈಗ ನೀವು" ಎಂಬ ಮಾತು ತಪ್ಪಬಾರದು. ರಾತ್ರಿ ಸ್ನಾನ ಮಾಡಿಸುವಾಗ ಮೈ ನೋಡಿ: ಸ್ಪ್ಲಿಂಟ್ ಉಜ್ಜಿದ ಗಾಯ, ಬಿಸಿಲಿನ ಸುಟ್ಟ ಕಲೆ, ಕಾರಣ ಗೊತ್ತಿಲ್ಲದ ಗುರುತು. ಏನಾದರೂ ಅನುಮಾನ ಇದ್ದರೆ ಮರುದಿನ ಬೆಳಿಗ್ಗೆಯೇ ಕೇಳಿ. ಮರುದಿನ ಮಗು ಮಂಕಾಗಿದ್ದರೆ ಶಾಲೆಗೆ ಒತ್ತಾಯ ಮಾಡಬೇಡಿ.

ಒಂದು ವಾರದೊಳಗೆ ಜೊತೆಗಾರರು, ತರಗತಿ ಶಿಕ್ಷಕರು, ಪೋಷಕರು ಹದಿನೈದು ನಿಮಿಷ ಕೂತು ಬರೆದಿಡಿ: ಮಗು ಎಲ್ಲಿ ನಕ್ಕಿತು, ಎಲ್ಲಿ ಅಳಲು ಶುರುವಾಯಿತು, ಯಾವ ಹೊತ್ತಿನಲ್ಲಿ ಕೈ ಬದಲಾಗುವಾಗ ಗೊಂದಲವಾಯಿತು. ಪರಿಚಯ ಪುಟದಲ್ಲಿ ಬದಲಿಸಬೇಕಾದ್ದು ಇದ್ದರೆ ಆಗಲೇ ಬದಲಿಸಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಶಾಲೆಯ ಕಡತದಲ್ಲಿ ಇರಲಿ. ಮುಂದಿನ ವರ್ಷ ತರಗತಿಯ ಶಿಕ್ಷಕರು ಬದಲಾಗಬಹುದು, ಅವರಿಗೆ ಜೂನ್‌ನಲ್ಲೇ ಅದು ಸಿಗಬೇಕು.